ಸ್ಕೂಬಾ ಟ್ಯಾಂಕ್‌ಗೆ ಗಾಡಿ ಕೊಳ್ಳುವಾಗ ಮೊದಲು ಗಾಲಿ ನೋಡಿ

ನಾನು ಮೊದಲು ಕೊಂಡಿದ್ದು ಸೂಟ್‌ಕೇಸ್ ಸಾಗಿಸುವಂಥ ಮಡಚುವ ಟ್ರಾಲಿ. 90 ಕೆಜಿ ಹೊರುತ್ತದೆ ಎಂದು ಅದರ ಮೇಲೆ ಅಚ್ಚು ಹಾಕಿತ್ತು. ನೀರಿನಡಿ ಉಸಿರಾಡಲು ಗಾಳಿ ತುಂಬಿದ ಎರಡು ಸ್ಕೂಬಾ ಟ್ಯಾಂಕ್ ಕಟ್ಟಿ ಹೊರಟೆ. ಸಿಮೆಂಟ್ ದಾರಿಯಲ್ಲಿ ಸಲೀಸಾಗಿ ಬಂತು. ಮರಳಿಗೆ ಇಳಿದು ನಾಲ್ಕು ಹೆಜ್ಜೆ ಎಳೆಯುವಷ್ಟರಲ್ಲಿ ಗಾಲಿಗಳು ಕಾಣೆಯಾದವು. ಗಾಡಿ ನೇಗಿಲಾಯಿತು. ಕೊನೆಗೆ ಟ್ಯಾಂಕ್ ಹೆಗಲಿಗೇರಿಸಿದೆ, ಗಾಡಿಯನ್ನೂ ನಾನೇ ಹೊತ್ತೆ.

90 ಕೆಜಿ ಎಂದಿದ್ದು ಸುಳ್ಳೇನಲ್ಲ. ಅದು ಚೌಕಟ್ಟಿನ ತಾಕತ್ತು, ಅದೂ ಸಮತಟ್ಟು ನೆಲದಲ್ಲಿ. ಮರಳಿಗೆ ಅದರ ಲೆಕ್ಕ ಬೇಕಿಲ್ಲ.

ಮೊದಲು ಬರಿಗೈಯಲ್ಲಿ ದಾರಿ ನಡೆದು ನೋಡಿ

ವಾಹನ ನಿಲ್ಲಿಸುವ ಜಾಗದಿಂದ ನೀರಿನ ಅಂಚಿನವರೆಗೆ ಒಮ್ಮೆ ಸುಮ್ನೆ ನಡೆಯಿರಿ. ಒಟ್ಟು ದೂರಕ್ಕಿಂತ ಅತಿ ಕಷ್ಟದ ಹತ್ತು ಹೆಜ್ಜೆ ಎಲ್ಲಿದೆ ಎನ್ನುವುದು ಮುಖ್ಯ. ಮೆತ್ತನೆ ಮರಳೋ, ಜಲ್ಲಿಯೋ, ಐದಾರು ಮೆಟ್ಟಿಲೋ, ಸಂದು ಬಿಟ್ಟ ಹಲಗೆಯ ಜೆಟ್ಟಿಯೋ? ಉಳಿದ ಇನ್ನೂರು ಮೀಟರ್‌ಗೆ ಎಂಥ ಗಾಡಿಯಾದರೂ ಆದೀತು. ಕೊಳ್ಳಬೇಕಾದದ್ದು ಆ ಹತ್ತು ಹೆಜ್ಜೆಗೆ.

ವಾಪಸ್ ಬರುವ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೋಗುವಾಗ ಇಳಿಜಾರು ಇದ್ದರೆ ಬರುವಾಗ ಏರು. ಡೈವ್ ಮುಗಿದ ಕೂಡಲೇ ಮೈಮುರಿಯುವ ಕೆಲಸ ಬೇಡ ಎಂದು ತರಬೇತಿಯಲ್ಲೇ ಹೇಳಿರುತ್ತಾರೆ. ಮೈಯಲ್ಲಿ ಕರಗಿದ ನೈಟ್ರೋಜನ್ ಇನ್ನೂ ಹೊರಗೆ ಹೋಗುತ್ತಿರುತ್ತದೆ, ಆಗ ಜಾಸ್ತಿ ಶ್ರಮಪಟ್ಟರೆ ಅದು ಮೈಯೊಳಗೇ ಗುಳ್ಳೆ ಕಟ್ಟುವ ಅಪಾಯ ಹೆಚ್ಚು. ಗಾಡಿ ಬೇಕಾಗುವುದು ಬೆನ್ನುನೋವಿನ ಕಾರಣಕ್ಕೆ ಮಾತ್ರ ಅಲ್ಲ.

ತೂಕ ಹಾಕಿ

ಎಲ್ಲೆಡೆ ಬಳಕೆಯಲ್ಲಿರುವ ಅಲ್ಯೂಮಿನಿಯಂ 80 ಟ್ಯಾಂಕ್ (ಸುಮಾರು 80 ಘನ ಅಡಿ ಗಾಳಿ ಹಿಡಿಯುವಂಥದ್ದು) ತುಂಬಿದಾಗ, ವಾಲ್ವ್ ಸೇರಿ, 17ರಿಂದ 18 ಕೆಜಿ ತೂಗುತ್ತದೆ. ಅದರಲ್ಲಿ ಎರಡೂವರೆ ಕೆಜಿಗೂ ಜಾಸ್ತಿ ಬರೀ ಗಾಳಿ! 15 ಲೀಟರ್‌ನ ಸ್ಟೀಲ್ ಟ್ಯಾಂಕ್ ತುಂಬಿದರೆ 20 ಕೆಜಿ ದಾಟುತ್ತದೆ. 12 ಲೀಟರ್‌ನ ಎರಡನ್ನು ಜೋಡಿಸಿದ ಟ್ವಿನ್‌ಸೆಟ್ ಆದರೆ 40 ಕೆಜಿ ಆಸುಪಾಸು. ಇದಕ್ಕೆ ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ, ಬಿಸಿಡಿ (ತೇಲುವುದು ಮುಳುಗುವುದನ್ನು ಹಿಡಿತದಲ್ಲಿಡುವ ಗಾಳಿಯ ಜಾಕೆಟ್), ರೆಗ್ಯುಲೇಟರ್ (ಟ್ಯಾಂಕಿನ ಗಾಳಿಯ ಒತ್ತಡ ಇಳಿಸಿ ಉಸಿರಿಗೆ ಕೊಡುವ ಸಾಧನ), ಒದ್ದೆ ಸೂಟು ಸೇರಿಸಿ. ಇಬ್ಬರ ಸಾಮಾನು ಒಂದೇ ಗಾಡಿಗೆ ಎಂದರೆ 60 ಕೆಜಿ ಸುಲಭವಾಗಿ ಆಗುತ್ತದೆ. ಮನೆಯ ತೂಕದ ಯಂತ್ರದ ಮೇಲೆ ಟ್ಯಾಂಕ್ ಹಿಡಿದು ನಿಂತು, ನಿಮ್ಮ ತೂಕ ಕಳೆದರೆ ಲೆಕ್ಕ ಸಿಗುತ್ತದೆ.

ಬಂದ ಸಂಖ್ಯೆಯ ದುಪ್ಪಟ್ಟು ಹೊರುವ ಗಾಡಿ ಹುಡುಕಿ. ಕಲ್ಲಿನ ಮೇಲಿಂದ ಧೊಪ್ಪನೆ ಇಳಿದಾಗ ಅಚ್ಚಿನ (ಗಾಲಿಗಳನ್ನು ಜೋಡಿಸುವ ಸರಳಿನ) ಮೇಲೆ ಬೀಳುವ ಹೊರೆ, ನಿಂತಿದ್ದಾಗಿನ ತೂಕಕ್ಕಿಂತ ಎಷ್ಟೋ ಹೆಚ್ಚು.

ಗಾಲಿ: ಇಲ್ಲಿ ಆತುರ ಬೇಡ

ಅಂಗಡಿಯಲ್ಲಿ ನಮ್ಮ ಕಣ್ಣು ಹೋಗುವುದು ಚೌಕಟ್ಟಿನ ಮೇಲೆ. ಹೊಳೆಯುವ ಪೈಪು, ಚಂದದ ಹಿಡಿ, ಒಂದೇ ಏಟಿಗೆ ಮಡಚಿಕೊಳ್ಳುವ ಕೀಲು. ನೀವು ಮಾತ್ರ ಬಗ್ಗಿ ಗಾಲಿ ನೋಡಿ.

ಗಾಳಿ ತುಂಬಿದ ಟೈರು ನೆಲವನ್ನು ಒತ್ತುವುದು ಹೆಚ್ಚುಕಡಿಮೆ ತನ್ನೊಳಗಿನ ಗಾಳಿಯ ಒತ್ತಡದಷ್ಟೇ. ಮರಳಿಗೆಂದೇ ಮಾಡಿದ, ಬಲೂನಿನಂತೆ ಊದಿದ ಗಾಲಿಗಳಲ್ಲಿ 2ರಿಂದ 4 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದರೆ ಸಾಕು. ಕಾರಿನ ಟೈರಿನಲ್ಲಿ 30 ಪಿಎಸ್‌ಐ ಆಸುಪಾಸು ಇರುತ್ತದೆ. ಅಂಥ ಎರಡು ಬಲೂನ್ ಗಾಲಿಗಳ ಮೇಲೆ 50 ಕೆಜಿ ಹೇರಿದರೆ ಗಾಲಿ ಚಪ್ಪಟೆಯಾಗಿ, ಒಂದೊಂದೂ ಅಂಗೈಯಗಲ ನೆಲ ಹಿಡಿಯುತ್ತದೆ. ಮರಳು ಕುಸಿಯುವುದಿಲ್ಲ. ಅದೇ ತೂಕವನ್ನು ಬೆರಳಗಲದ ಗಟ್ಟಿ ಪ್ಲಾಸ್ಟಿಕ್ ಗಾಲಿಗೆ ಕೊಟ್ಟು ನೋಡಿ, ಚಾಕುವಿನಂತೆ ಇಳಿಯುತ್ತದೆ. ನನ್ನ ಮೊದಲ ಗಾಡಿಗೆ ಆದದ್ದು ಇದೇ.

ಅಗಲದ ಜೊತೆ ಎತ್ತರವೂ ಬೇಕು. ಗಾಲಿ ದೊಡ್ಡದಾದಷ್ಟೂ ಕಲ್ಲು, ಹೊಂಡ ಸಲೀಸಾಗಿ ದಾಟುತ್ತದೆ. ಸಿಮೆಂಟ್ ಮತ್ತು ಟಾರು ದಾರಿಗೆ 15 ಸೆಂಟಿಮೀಟರ್‌ನ ಗಟ್ಟಿ ರಬ್ಬರ್ ಗಾಲಿ ನಡೆಯುತ್ತದೆ. ಜಲ್ಲಿ, ಹುಲ್ಲು, ಹಲಗೆ ಸಂದುಗಳಿಗೆ 25 ಸೆಂಟಿಮೀಟರ್‌ನ ಟೈರು ಹಾಕಿದ ಗಾಲಿ. ಮೆತ್ತನೆ ಮರಳಿಗೆ 30 ಸೆಂಟಿಮೀಟರ್‌ಗಿಂತ ಕಡಿಮೆ ಬೇಡ, ಅದೂ ಬಲೂನ್ ಮಾದರಿಯದ್ದು.

ಬಲೂನ್ ಗಾಲಿಗೆ ಒಂದು ಕೈಪಂಪು ಜೊತೆಗಿಟ್ಟುಕೊಳ್ಳಿ. ಗಾಡಿಯ ಮೇಲಿನ ಟ್ಯಾಂಕಿನಲ್ಲಿ 200 ಬಾರ್ ಒತ್ತಡದ ಗಾಳಿ ಇದೆ, ಗಾಲಿಯಲ್ಲಿ ಮಾತ್ರ ಇಲ್ಲ ಎನ್ನುವ ಪರಿಸ್ಥಿತಿ ನಗು ತರಿಸುವಂಥದ್ದೇ. ಹಾಗೆಂದು ಟ್ಯಾಂಕಿನಿಂದಲೇ ಊದಲು ಹೋಗಬೇಡಿ. ರೆಗ್ಯುಲೇಟರ್‌ನ ಕಡಿಮೆ ಒತ್ತಡದ ಪೈಪಿನಲ್ಲೂ 9-10 ಬಾರ್, ಎಂದರೆ 130 ಪಿಎಸ್‌ಐ ಮೀರಿ ಬರುತ್ತದೆ. 4 ಪಿಎಸ್‌ಐ ಗಾಲಿ ಅದಕ್ಕೆ ಯಾವ ಲೆಕ್ಕ? ಬಿಸಿಲಿನಲ್ಲಿ ಗಾಡಿ ನಿಲ್ಲಿಸುವುದಾದರೆ ಬೆಳಗ್ಗೆಯೇ ಬಿಗಿಯಾಗಿ ಊದಬೇಡಿ, ಒಳಗಿನ ಗಾಳಿ ಕಾದು ಹಿಗ್ಗುತ್ತದೆ.

ಎರಡು ಗಾಲಿಯೋ, ನಾಲ್ಕೋ?

ನನ್ನ ಮತ ಎರಡಕ್ಕೆ. ನಾಲ್ಕು ಗಾಲಿಯ ಗಾಡಿ ತಾನೇ ನಿಲ್ಲುತ್ತದೆ, ಭಾರ ಕೈಗೆ ಬರುವುದಿಲ್ಲ, ಗಟ್ಟಿ ನೆಲದಲ್ಲಿ ಬಲು ಹಿತ. ಆದರೆ ತಿರುಗುವ ಸಣ್ಣ ಮುಂಗಾಲಿಗಳು ಮರಳಿನಲ್ಲಿ ಅಡ್ಡ ನಿಂತುಬಿಡುತ್ತವೆ. ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ನಿಮಗಿಂತ ಮೊದಲೇ ನೀರು ಸೇರುತ್ತದೆ.

ಎರಡು ಗಾಲಿಯ ಗಾಡಿಯಲ್ಲಿ ಪರೀಕ್ಷಿಸಬೇಕಾದ್ದು ಅಚ್ಚು ಎಲ್ಲಿದೆ ಎನ್ನುವುದನ್ನು. ಟ್ಯಾಂಕ್ ಕಟ್ಟಿ, ಎಳೆಯುವಾಗ ಹಿಡಿಯುವ ಎತ್ತರಕ್ಕೆ ಹಿಡಿಯನ್ನು ತನ್ನಿ. ಆಗ ಭಾರವೆಲ್ಲ ಅಚ್ಚಿನ ಮೇಲೆ ಕೂತು, ಕೈಗೆ ಒಂದೆರಡು ಕೆಜಿ ಮಾತ್ರ ತಾಗಬೇಕು. ಕೈ ಜಗ್ಗುತ್ತಿದ್ದರೆ ಅಚ್ಚು ತೀರ ಹಿಂದಿದೆ ಎಂದರ್ಥ. ಹಿಡಿಯೇ ಮೇಲಕ್ಕೆ ಎಗರುತ್ತಿದ್ದರೆ ಭಾರ ಅಚ್ಚಿನ ಆಚೆ ವಾಲಿದೆ. ಟ್ಯಾಂಕನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ ಸರಿಹೋದರೆ ಒಳ್ಳೆಯದು, ಇಲ್ಲದಿದ್ದರೆ ಆ ಗಾಡಿ ಬಿಡಿ. ಹಿಡಿಯ ಉದ್ದವೂ ನಿಮ್ಮ ಎತ್ತರಕ್ಕೆ ಹೊಂದಬೇಕು. ಹಿಡಿ ಗಿಡ್ಡವಾದರೆ ನಡೆಯುವಾಗ ಗಾಡಿಯ ಅಂಚು ಹಿಮ್ಮಡಿಗೆ ಬಡಿಯುತ್ತದೆ. ಒಮ್ಮೆ ಬಡಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟ್ಯಾಂಕ್ ಕೂರುವ ಜಾಗ

ಅಲ್ಯೂಮಿನಿಯಂ 80ರ ಅಡ್ಡಳತೆ 18.4 ಸೆಂಟಿಮೀಟರ್. ಎರಡನ್ನು ಪಕ್ಕಪಕ್ಕ ಇಡಲು ಕೆಳಗಿನ ತಟ್ಟೆ 37 ಸೆಂಟಿಮೀಟರ್‌ಗಿಂತ ಅಗಲ ಇರಬೇಕು. ಸಾಧಾರಣ ಮಡಚುವ ಟ್ರಾಲಿಗಳು ಇಲ್ಲೇ ಸೋಲುತ್ತವೆ. ಸ್ಟೀಲ್ ಟ್ಯಾಂಕಿನ ತಳ ದುಂಡಗಿರುತ್ತದೆ, ತಳಕ್ಕೆ ತೊಡಿಸುವ ಬೂಟು ಹಾಕದೆ ತಟ್ಟೆಯ ಮೇಲೆ ನಿಲ್ಲುವುದಿಲ್ಲ.

ಹಿಗ್ಗುವ ರಬ್ಬರ್ ಹಗ್ಗ ನೆಚ್ಚಬೇಡಿ. ಗಾಡಿ ಕುಲುಕಿದಾಗ ಅದೂ ಜೊತೆಗೆ ಹಿಗ್ಗುತ್ತದೆ, ಟ್ಯಾಂಕ್ ಜಾರುತ್ತದೆ. ಬಕಲ್ ಇರುವ ನೈಲಾನ್ ಬೆಲ್ಟ್ ಎರಡು ಕಡೆ ಬೇಕು: ಒಂದು ತಳದ ಹತ್ತಿರ, ಇನ್ನೊಂದು ಟ್ಯಾಂಕ್ ಮೇಲ್ಗಡೆ ಕಿರಿದಾಗುವ ಭುಜದ ತಿರುವಿಗೆ ಸ್ವಲ್ಪ ಕೆಳಗೆ. ವಾಲ್ವ್‌ಗೆ ಬೆಲ್ಟ್ ಸುತ್ತಲೇಬಾರದು. ಗಾಡಿ ಮಗುಚಿದರೆ ವಾಲ್ವ್ ನೆಲಕ್ಕೆ ಬಡಿಯುತ್ತದೆಯೋ, ಚೌಕಟ್ಟು ಮೊದಲು ತಾಗುತ್ತದೆಯೋ ಎಂದು ಒಮ್ಮೆ ವಾಲಿಸಿ ನೋಡಿ. ಲೋಹಕ್ಕೆ ಲೋಹ ಉಜ್ಜುವ ಕಡೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ. ಸ್ಟೀಲ್ ಟ್ಯಾಂಕಿನ ಬಣ್ಣ ಎದ್ದ ಕಡೆಯಿಂದಲೇ ತುಕ್ಕು ಶುರು.

ಉಪ್ಪುನೀರಿಗೆ ತಡೆಯುತ್ತದೆಯೇ?

ಕಡಲ ಗಾಡಿ ಹಾಳಾಗುವುದು ಹೆಚ್ಚಾಗಿ ಅಚ್ಚು ಮತ್ತು ಗಾಲಿ ಸೇರುವ ಕಡೆ. ಸಾಧಾರಣ ಸ್ಟೀಲ್ ಗುಂಡಿನ ಬೇರಿಂಗ್‌ಗೆ ಉಪ್ಪು, ಮರಳು ಹೋದರೆ ಕೆಲವೇ ದಿನಗಳಲ್ಲಿ ಕಿರ್ರೆನ್ನುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ. ಬೇರಿಂಗ್ ಬದಲು ಬರೀ ನೈಲಾನ್ ಬುಷ್ (ಅಚ್ಚು ತೂರುವ ಬಳೆ) ಇರುವ ಗಾಲಿ ನೋಡಲು ಅಗ್ಗದ್ದೆನಿಸಿದರೂ ಇಲ್ಲಿ ಅದೇ ವಾಸಿ. ತಿರುಗಲು ಸ್ವಲ್ಪ ಬಿಗಿ, ಆದರೆ ತುಕ್ಕಿನ ಮಾತಿಲ್ಲ.

ಚೌಕಟ್ಟು ಅಲ್ಯೂಮಿನಿಯಂ, ಬೋಲ್ಟು ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಒಳ್ಳೆಯ ಜೋಡಿಯಂತೆ ಕಾಣುತ್ತದೆ ಅಲ್ವಾ? ಉಪ್ಪುನೀರು ನಡುವೆ ಬಂದರೆ ಎರಡೂ ಸೇರಿ ಸಣ್ಣ ಬ್ಯಾಟರಿಯಾಗುತ್ತವೆ, ಸವೆಯುವುದು ಅಲ್ಯೂಮಿನಿಯಂ. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಅದೇ ಗುರುತು. ಪ್ಲಾಸ್ಟಿಕ್ ವಾಷರ್ ಹಾಕಿ, ಜೋಡಿಸುವ ಮೊದಲು ಒಂದಿಷ್ಟು ಗ್ರೀಸ್ ಸವರಿದರೆ ಸವೆತ ನಿಧಾನವಾಗುತ್ತದೆ.

ಇನ್ನೊಂದು, ಪೈಪುಗಳ ಕೆಳತುದಿಯಲ್ಲಿ ನೀರು ಬಸಿಯಲು ತೂತು ಇದೆಯೇ ನೋಡಿ. ನನ್ನ ಎರಡನೇ ಗಾಡಿಯಲ್ಲಿ ಇರಲಿಲ್ಲ. ಅಲ್ಲಾಡಿಸಿದರೆ ಒಳಗೆ ಗುಳುಗುಳು ಸದ್ದು. ನಾನೇ ಡ್ರಿಲ್ ಹಿಡಿದು ತೂತು ಕೊರೆದಾಗ ಕಂದು ನೀರು ಸುರಿಯಿತು.

ಕೊಳ್ಳುವ ಮುನ್ನ ಎಳೆದು ನೋಡಿ

ಅಂಗಡಿಗೆ ಟ್ಯಾಂಕ್ ಒಯ್ಯಲು ಆಗದಿದ್ದರೆ 20 ಲೀಟರ್‌ನ ಎರಡು ನೀರಿನ ಕ್ಯಾನ್ ಸಾಕು, 40 ಕೆಜಿ ಆಯಿತು. ಕಟ್ಟಿ, ಫುಟ್‌ಪಾತ್ ಏರಿಸಿ, ಇಳಿಸಿ, ಇಕ್ಕಟ್ಟಿನಲ್ಲಿ ತಿರುಗಿಸಿ. ಮೆಟ್ಟಿಲಿದ್ದರೆ ಹಿಮ್ಮುಖವಾಗಿ ಒಂದೊಂದೇ ಎಳೆಯಿರಿ. ಮೂರು ಗಾಲಿ ಒಟ್ಟಿಗೆ ತಿರುಗುವ ಮೆಟ್ಟಿಲು ಗಾಡಿಗಳೂ ಇವೆ. ಮೆಟ್ಟಿಲಿಗೆ ಚೆನ್ನ, ಮರಳಿಗೆ ಬೇಡ. ಮಡಚಿದ ಗಾಡಿ ನಿಮ್ಮ ಡಿಕ್ಕಿಯಲ್ಲಿ ಹಿಡಿಸುತ್ತದೆಯೇ, ಬಲೂನ್ ಗಾಲಿ ಕೈಯಲ್ಲೇ ಕಳಚಲು ಬರುತ್ತದೆಯೇ ಎನ್ನುವುದೂ ಅಲ್ಲೇ ಗೊತ್ತಾಗಲಿ. ಗಾಲಿ ಹಿಡಿಯುವ ಪಿನ್ನನ್ನು ದಾರದಿಂದ ಚೌಕಟ್ಟಿಗೆ ಕಟ್ಟಿಬಿಡಿ. ಮರಳಿಗೆ ಬಿದ್ದ ಪಿನ್ ಮತ್ತೆ ಸಿಗುವುದಿಲ್ಲ.

ನೀರಿನ ಹತ್ತಿರ ತಲುಪಿದ ಮೇಲೆ ಟ್ಯಾಂಕುಗಳನ್ನು ನಿಲ್ಲಿಸಿಟ್ಟು ಹೋಗಬೇಡಿ, ನೆರಳಿನಲ್ಲಿ ಮಲಗಿಸಿ. 20 ಡಿಗ್ರಿಯಲ್ಲಿ 200 ಬಾರ್ ಇದ್ದ ಟ್ಯಾಂಕ್ 50 ಡಿಗ್ರಿಗೆ ಕಾದರೆ 220 ಬಾರ್ ತೋರಿಸುತ್ತದೆ. ಗಾಡಿಯನ್ನು ಅಲೆ ಮುಟ್ಟದಷ್ಟು ಮೇಲೆ ಬಿಡಿ, ಉಬ್ಬರದ ಹೊತ್ತನ್ನೂ ನೋಡಿಕೊಂಡು. ಬಲೂನ್ ಗಾಲಿಯ ಗಾಡಿ ಚೆನ್ನಾಗಿ ತೇಲುತ್ತದೆ, ನೀವು ಮೇಲೆ ಬರುವಷ್ಟರಲ್ಲಿ ದೂರ ಹೋಗಿರುತ್ತದೆ. ಮನೆಗೆ ಬಂದು ರೆಗ್ಯುಲೇಟರ್ ತೊಳೆಯುವಾಗ ಉಳಿಯುವ ಸಿಹಿನೀರನ್ನು ಪ್ರತಿ ಗಾಲಿಯ ನಡುಭಾಗಕ್ಕೆ, ಅಚ್ಚು ಸೇರುವ ಕಡೆ ಸುರಿಯಿರಿ.