ಹಗೇವು ಕಣಜವಲ್ಲ: ನನ್ನ ಅನುಭವ

ನಮ್ಮ ತುಮಕೂರು ಸೀಮೆಯಲ್ಲಿ ಹಗೇವು ಎಂದರೇನೆಂದು ಕೇಳಿದರೆ, ನೆಲದೊಳಗಿನ ಕಣಜ ಎನ್ನುವವರೇ ಈಗ ಹೆಚ್ಚು. ಆ ಅರ್ಥವನ್ನು ನಂಬಿ ನಾನು ಎರಡು ವರ್ಷ ರಾಗಿ ಕೆಡಿಸಿಕೊಂಡೆ. ಕಣಜದಿಂದ ಬೇಕಾದಾಗ ಮೊಗೆದುಕೊಳ್ಳಬಹುದು. ಹಗೇವು ನೆಲದಲ್ಲಿ ತೋಡಿ, ಕಾಳು ತುಂಬಿ ಬಾಯಿ ಮುಚ್ಚುವ ಗುಂಡಿ. ಅದನ್ನು ಮುಚ್ಚಿದ ಮೇಲೆ ಮುಟ್ಟುವಂತಿಲ್ಲ, ತೆಗೆದರೆ ಪೂರ್ತಿ ಬರಿದು ಮಾಡಬೇಕು. ನಮ್ಮ ಅಜ್ಜಿ ‘ಕಣಜದಿಂದ ಎರಡು ಸೇರು ತಾ’ ಎನ್ನುತ್ತಿದ್ದರು, ಆದರೆ ಹಗೇವಿನ ಮಾತು ಬಂದಾಗ ‘ಆ ವರ್ಷ ಹಗೇವು ತೆಗೆದೆವು’ ಎಂದಷ್ಟೇ ಹೇಳುತ್ತಿದ್ದರು. ವ್ಯತ್ಯಾಸ ಆ ಮಾತಿನಲ್ಲೇ ಇತ್ತು.

ಮೊದಲ ಗುಂಡಿಯನ್ನು ಮನೆಗೆ ಹತ್ತಿರವೆಂದು ತಗ್ಗಿನಲ್ಲಿ ತೋಡಿಸಿ, ಸುಮಾರು 9,000 ರೂಪಾಯಿ ಕೂಲಿ ಕೊಟ್ಟೆ. ಮಳೆಗಾಲದಲ್ಲಿ ಶೀತ ಏರಿ, ಗೋಡೆಗೆ ತಾಗಿದ್ದ ಮೂರು ಕ್ವಿಂಟಾಲಿನಷ್ಟು ರಾಗಿ ಹೆಂಟೆಗಟ್ಟಿ ದನಕ್ಕೂ ಬಾರದಾಯಿತು. ಮರುವರ್ಷ ದಿಬ್ಬದ ಗಟ್ಟಿ ನೆಲಕ್ಕೆ ಹೋದೆ. ಅಲ್ಲಿ ಜಾಗ ಸರಿಯಿದ್ದರೂ, ತಿಂಗಳಿಗೊಮ್ಮೆ ಚಪ್ಪಡಿ ಸರಿಸಿ ಒಂದೊಂದು ಮೂಟೆ ತೆಗೆದದ್ದರಿಂದ ಹೊರಗಿನ ತೇವ ಒಳಗಿಳಿದು ಮೇಲಿನ ಪದರವೆಲ್ಲ ಮುಗ್ಗಿತು. ಎರಡೂ ಸೇರಿ ಇಪ್ಪತ್ತು ಸಾವಿರದ ಮೇಲೆ ಹೋಯಿತು. ಪ್ಲಾಸ್ಟಿಕ್ ಡ್ರಮ್ಮು ಸಿಗುವ ಕಾಲದಲ್ಲಿ ಇದೇಕೆ ಎಂದು ಊರಿನವರು ಕೇಳಿದರು.

ಮೂರನೆಯ ಸಲ ಅದೇ ದಿಬ್ಬದ ಗುಂಡಿಯೊಳಗೆ ಸೌದೆ ಉರಿಸಿ ಗೋಡೆಯನ್ನು ಕಾಯಿಸಿ, ತಳಕ್ಕೂ ಸುತ್ತಲೂ ಹುಲ್ಲು ಒತ್ತಿ, ನಾಲ್ಕು ಬಿಸಿಲು ಕಂಡ ರಾಗಿಯನ್ನು ಸುಮಾರು 12 ಕ್ವಿಂಟಾಲ್ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದೆ. ಆ ಮಣ್ಣಿಗೆ ಬೆರೆಸಿದ್ದು ಏನೆಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನೆರಡು ಮಳೆಗಾಲ ಅದು ತಡೆಯಬೇಕು. ಮೂರು ವರ್ಷ ಬಿಟ್ಟು ಹೋದ ಬೇಸಿಗೆಯಲ್ಲಿ ತೆಗೆದಾಗ, ಹುಲ್ಲಿಗೆ ತಾಗಿದ್ದ ಅರ್ಧ ಮೂಟೆ ಬಿಟ್ಟರೆ ಉಳಿದದ್ದೆಲ್ಲ ಚೊಕ್ಕವಾಗಿತ್ತು. ಹಿಟ್ಟು ಮಾಡಿಸಿ ಮುದ್ದೆ ಉಣಿಸಿದೆ. ಹೊಸ ರಾಗಿಯೆಂದೇ ಎಲ್ಲರೂ ತಿಳಿದರು. ಡ್ರಮ್ಮಿನ ಮಾತಾಡಿದವರಲ್ಲಿ ಇಬ್ಬರು ಈಗ ಜಾಗ ತೋರಿಸಲು ನನ್ನನ್ನು ಕರೆಯುತ್ತಿದ್ದಾರೆ.

ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದು, ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ನಾನು ಒಂದು ಹಗಲು ಬಾಯಿ ತೆರೆದಿಟ್ಟು, ಲಾಟೀನು ಇಳಿಬಿಟ್ಟು, ದೀಪ ಮಂಕಾಗದೆ ಉರಿದ ಮೇಲೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರನ್ನು ನಿಲ್ಲಿಸಿಯೇ ಆಳನ್ನು ಇಳಿಸಿದೆ.

ಅದೇ ರಾಗಿಯ ಎರಡು ಹಿಡಿಯನ್ನು ಪರೀಕ್ಷೆಗೆಂದು ಮಡಿಯಲ್ಲಿ ಚೆಲ್ಲಿದ್ದೆ. ಮೊಳಕೆ ಅರ್ಧಕ್ಕೂ ಕಡಿಮೆ ಬಂತು. ಬೂದಿ ಬೆರೆಸಿ ಗುಡಾಣದಲ್ಲಿಟ್ಟಿದ್ದ ಹಿಂದಿನ ವರ್ಷದ ರಾಗಿ ಮಾತ್ರ ಬಹುಪಾಲು ಹುಟ್ಟಿತು. ಆದ್ದರಿಂದ ಬಿತ್ತನೆಯ ಕಾಳನ್ನು ನಾನು ಹಗೇವಿಗೆ ಹಾಕುವುದಿಲ್ಲ.