ಮಿತಿಯೊಳಗಿದ್ದರೆ ಸಾಲದು: ವಿಕಿರಣ ಸುರಕ್ಷತೆಯ ಕೆಲಸದಲ್ಲಿ ನನ್ನ ಅನುಭವ

ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗದ ಶಿಫಾರಸಿನಂತೆ, ವಿಕಿರಣದ ನಡುವೆ ದುಡಿಯುವವರ ಮೈಗೆ ತಗಲುವ ವಿಕಿರಣದ ಪ್ರಮಾಣ, ಅಂದರೆ ಡೋಸ್, ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವುದೇ ಒಂದು ವರ್ಷದಲ್ಲಿ 50 ದಾಟಬಾರದು. ಪರಮಾಣು ಸ್ಥಾವರದಲ್ಲಿ ಸುರಕ್ಷತೆಯ ಹೊಣೆ ಹೊತ್ತಂದಿನಿಂದಲೂ ಈ ಅಂಕಿಗಳನ್ನು ನಾನು ಗುರಿಯೆಂದು ಭಾವಿಸಿದವನಲ್ಲ. ಒಂದು ಕೆಲಸದ ಡೋಸನ್ನು ಇನ್ನೂ ಎಷ್ಟು ತಗ್ಗಿಸಬಹುದು ಎಂಬುದು ಬಹುಪಾಲು ತೀರ್ಮಾನವಾಗುವುದು ಕೆಲಸಗಾರರು ವಿಕಿರಣ ವಲಯದೊಳಗೆ ಕಾಲಿಡುವ ಮೊದಲೇ.

ಸ್ಥಾವರ ನಿಲುಗಡೆಯಲ್ಲಿದ್ದಾಗ ನಡೆಯುವ ವಾಲ್ವ್ ದುರಸ್ತಿಯನ್ನೇ ತೆಗೆದುಕೊಳ್ಳಿ. ಪೈಪಿನ ತಿರುವುಗಳಲ್ಲಿ ಕೋಬಾಲ್ಟ್-60 ಎಂಬ ವಿಕಿರಣಶೀಲ ವಸ್ತು ಕೂತಿರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಕಾಲ, 5.27 ವರ್ಷವಾದ್ದರಿಂದ ಕೆಲವು ದಿನ ಕಾದು ನೋಡುವುದರಿಂದ ಲಾಭವಿಲ್ಲ. ಹಾಗಾಗಿ ಮೊದಲು ಪೈಪನ್ನು ನೀರು ಹಾಯಿಸಿ ತೊಳೆಸುತ್ತೇನೆ, ಆಮೇಲೆ ಕೆಲಸಗಾರನ ಕೈ, ಎದೆ, ತಲೆ ಬರುವ ಎತ್ತರಗಳಲ್ಲಿ ಪ್ರತ್ಯೇಕವಾಗಿ ಅಳತೆ ಮಾಡಿಸುತ್ತೇನೆ. ಚಿಕ್ಕ ಮೂಲವಾದರೆ ದೂರ ಇಮ್ಮಡಿಯಾದಾಗ ವಿಕಿರಣ ಕಾಲುಭಾಗಕ್ಕೆ ಇಳಿಯುತ್ತದೆ, ಆದರೆ ಉದ್ದನೆಯ ಪೈಪಿನ ಹತ್ತಿರ ಅದು ಹೆಚ್ಚುಕಡಿಮೆ ಅರ್ಧಕ್ಕಷ್ಟೇ ಇಳಿಯುತ್ತದೆ. ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳುವಾಗ ಈ ವ್ಯತ್ಯಾಸವನ್ನು ಮರೆಯುವಂತಿಲ್ಲ. ಸುಮಾರು 12 ಮಿಲಿಮೀಟರ್ ಸೀಸ ಕೋಬಾಲ್ಟಿನ ಗಾಮಾ ಕಿರಣಗಳನ್ನು ಅರ್ಧದಷ್ಟು ತಡೆಯುತ್ತದೆಯಾದರೂ ಆ ಭಾರದ ಹೊದಿಕೆಗಳನ್ನು ಹೊತ್ತೊಯ್ದು ಕಟ್ಟುವವರಿಗೂ, ಕೊನೆಗೆ ಬಿಚ್ಚುವವರಿಗೂ ಡೋಸ್ ತಗಲುತ್ತದೆ. ಅದು ಉಳಿತಾಯಕ್ಕಿಂತ ಹೆಚ್ಚಾಗುವುದಾದರೆ ಹೊದಿಕೆ ಬೇಡವೆಂದೇ ನಾನು ಬರೆಯುತ್ತೇನೆ, ನೋಡುವವರ ಕಣ್ಣಿಗೆ ಅದು ಅಜಾಗ್ರತೆಯಂತೆ ಕಂಡರೂ ಸರಿ.

ನನಗೆ ಅತಿ ಹೆಚ್ಚು ಫಲ ಕೊಟ್ಟಿರುವುದು ತಾಲೀಮು. ವಿಕಿರಣವಿಲ್ಲದ ಕೋಣೆಯಲ್ಲಿ ಅದೇ ಅಳತೆಯ ವಾಲ್ವ್ ಇಟ್ಟು, ಸುತ್ತಲಿನ ಪೈಪು ಆಧಾರಗಳನ್ನೂ ಇದ್ದಲ್ಲೇ ನಿಲ್ಲಿಸಿ, ಎರಡು ಜೊತೆ ಕೈಗವಸು ಮತ್ತು ಉಸಿರಾಟದ ಮುಖವಾಡ ತೊಟ್ಟೇ ಕೆಲಸ ಮಾಡಿಸುತ್ತೇವೆ. ಅಂಥ ಒಂದು ತಾಲೀಮಿನಲ್ಲಿ ಫಿಟರ್ ಒಬ್ಬರು, "ಹಿಂಬದಿಯ ಬೋಲ್ಟಿಗೆ ಸ್ಪ್ಯಾನರ್ ತಿರುಗುವುದಿಲ್ಲ ಸಾರ್, ಹಿಡಿ ಆಧಾರಕ್ಕೆ ತಾಗುತ್ತದೆ" ಎಂದು ತೋರಿಸಿಕೊಟ್ಟರು. ನಕಾಶೆಯಲ್ಲಿ ಅದು ಕಂಡಿರಲಿಲ್ಲ. ಗಿಡ್ಡ ಹಿಡಿಯ ಸ್ಪ್ಯಾನರನ್ನು ಅಂದೇ ಮಾಡಿಸಿದೆವು. ಇಲ್ಲವಾದರೆ ಆ ಪರದಾಟವೆಲ್ಲ ವಿಕಿರಣದ ಎದುರಿಗೇ ನಡೆಯುತ್ತಿತ್ತು.

ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ಇರುವ ಕಡೆ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಬೇರೆಯೇ ಎಚ್ಚರ ಬೇಡುತ್ತದೆ. ಅದರ ದುರ್ಬಲ ಬೀಟಾ ಕಣಗಳು ಕೆಲಸಗಾರರು ತೊಡುವ, ಡೋಸ್ ಅಳೆಯುವ ಬ್ಯಾಡ್ಜಿಗೆ ಗೋಚರಿಸುವುದಿಲ್ಲ, ಮೂತ್ರ ಪರೀಕ್ಷೆಯಿಂದಲೇ ತಿಳಿಯಬೇಕು.

ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ನಾನು ಹೆಚ್ಚು ಕಟ್ಟುನಿಟ್ಟು. ಅವರು ಒಂದು ಸ್ಥಾವರದಿಂದ ಇನ್ನೊಂದಕ್ಕೆ ಹೋಗುವವರಾದ್ದರಿಂದ ಹಿಂದಿನ ಡೋಸ್ ದಾಖಲೆ ಕೈಸೇರದೆ ಪ್ರವೇಶದ ಪರ್ಮಿಟ್ಟಿಗೆ ಸಹಿ ಹಾಕುವುದಿಲ್ಲ. ಡೋಸ್ ಹೆಚ್ಚಾದರೆ ಕೂಲಿ ತಪ್ಪೀತೆಂಬ ಭಯದಿಂದ ಬ್ಯಾಡ್ಜನ್ನು ಹೊರಗೆ ಬಿಟ್ಟು ಒಳಹೋಗುವ ಅಪಾಯ ಎಲ್ಲಿಯೂ ಇದ್ದದ್ದೇ. ಅದಕ್ಕೆ ತಪಾಸಣೆಯೊಂದೇ ಮದ್ದಲ್ಲ. ಮಿತಿಯ ಸಮೀಪ ಬಂದವರಿಗೆ ವಿಕಿರಣವಿಲ್ಲದ ಕಡೆ ಅದೇ ಸಂಬಳದ ಕೆಲಸ ಕೊಡುವ ಷರತ್ತನ್ನು ಗುತ್ತಿಗೆಯ ಕರಾರಿನಲ್ಲೇ ಸೇರಿಸಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ.