ಹಿತ್ತಲ ಕೋಳಿಗೆ ಬರೀ ರಾಗಿ, ನುಚ್ಚು ಸಾಲದು: ನಾನು ಮೇವು ಹಾಕುವ ಕ್ರಮ

ನಮ್ಮ ರಾಮನಗರದ ಕಡೆ ಹಿತ್ತಲಲ್ಲಿ ಕೋಳಿ ಸಾಕುವವರು ಬೆಳಿಗ್ಗೆ ಒಂದು ಹಿಡಿ ರಾಗಿ, ಸಂಜೆ ಒಂದು ಹಿಡಿ ನುಚ್ಚು ಎರಚುತ್ತಾರೆ. ಉಳಿದದ್ದನ್ನು ಅವೇ ಮೇಯ್ದುಕೊಂಡು ಬರುತ್ತವೆ ಅಂತ ಬಿಟ್ಟುಬಿಡುತ್ತಾರೆ. ಮೊಟ್ಟೆ ಕಡಿಮೆಯಾದರೆ ಇನ್ನೊಂದು ಹಿಡಿ ಜಾಸ್ತಿ ಹಾಕುತ್ತಾರೆ. ಹೇಂಟೆಗೆ ಕೊಬ್ಬು ಸೇರುತ್ತದೆ, ಮೊಟ್ಟೆ ಮಾತ್ರ ಬರುವುದಿಲ್ಲ. ಕಾಳಿನಿಂದ ಹೊಟ್ಟೆ ತುಂಬುತ್ತದೆ, ಓಡಾಡುವ ಶಕ್ತಿ ಬರುತ್ತದೆ. ಆದರೆ ಒಂದೊಂದು ಮೊಟ್ಟೆಯ ಒಳಗೆ 6 ಗ್ರಾಂಗೂ ಮೇಲೆ ಪ್ರೋಟೀನ್ ಇರುತ್ತದೆ, ಹೊರಗಿನ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದೆಲ್ಲ ನಾವು ಹಾಕುವ ಮೇವಿನಿಂದಲೇ ಬರಬೇಕು ಅಲ್ವಾ?

"ನಮ್ಮತ್ತೆ ಕಾಲದಲ್ಲಿ ಯಾರು ಲೆಕ್ಕ ಹಾಕಿ ಮೇವು ಹಾಕ್ತಿದ್ರು ಮಗಾ?" ಅಂತ ಪಕ್ಕದ ಮನೆ ದೊಡ್ಡಮ್ಮ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆಗ ಇದ್ದದ್ದು ಅಪ್ಪಟ ನಾಟಿ ಕೋಳಿ, ವರ್ಷಕ್ಕೆ 60-80 ಮೊಟ್ಟೆ ಇಟ್ಟರೆ ಹೆಚ್ಚು, ನಡುವೆ ಕಾವಿಗೆ ಕೂತು, ಪಿಳ್ಳೆಗಳ ಹಿಂದೆ ತಿಂಗಳುಗಟ್ಟಲೆ ತಿರುಗಿ ಸುಧಾರಿಸಿಕೊಳ್ಳುತ್ತಿತ್ತು. ಮನೆ ಮುಂದೆಯೇ ತಿಪ್ಪೆ ಇತ್ತು, ತಿಪ್ಪೆ ಕೆದಕಿದರೆ ಬೇಕಾದಷ್ಟು ಹುಳ. ಈಗ ನನ್ನ ಹಿತ್ತಲಲ್ಲಿ ನಾಟಿ ಜೊತೆ ಸ್ವರ್ಣಧಾರಾ ಕೋಳಿಗಳೂ ಇವೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಅಭಿವೃದ್ಧಿಪಡಿಸಿದ ಈ ತಳಿ ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಇಡುತ್ತದೆ. ಅಷ್ಟು ಮೊಟ್ಟೆ ಬೇಕಾದರೆ ಅಷ್ಟಕ್ಕೆ ತಕ್ಕ ಮೇವೂ ಬೇಕು.

ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಅದೇ ಸಾಕು ಅನ್ನುವ ಮಾತು ನಮ್ಮಲ್ಲಿ ತುಂಬಾ ಇದೆ. ಬೇರೆ ಧಾನ್ಯಗಳಿಗೆ ಹೋಲಿಸಿದರೆ ಜಾಸ್ತಿಯೇ, 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ. ಆದರೆ ಕೋಳಿ ತಿಂದ ಕ್ಯಾಲ್ಸಿಯಂ ಎಲ್ಲ ಚಿಪ್ಪಿಗೆ ಸೇರುವುದಿಲ್ಲ, ಅರ್ಧದಷ್ಟು ಸೇರಿದರೆ ಹೆಚ್ಚು. ಅಂದರೆ ಮೊಟ್ಟೆ ಇಡುವ ದಿನ ಅದಕ್ಕೆ 4 ಗ್ರಾಂ ಹತ್ತಿರ ಬೇಕು. ಇಡೀ ದಿನ ರಾಗಿಯನ್ನೇ ತಿಂದರೂ ಅದರ ಹತ್ತನೇ ಒಂದು ಪಾಲಿನಷ್ಟು ಸಿಕ್ಕರೆ ಹೆಚ್ಚು.

ನಾನು ಕಲಸುವ 10 ಕೆಜಿ ಮೇವಿನ ಲೆಕ್ಕ ಹೀಗಿದೆ. ಒಡೆದ ಮೆಕ್ಕೆಜೋಳ 5 ಕೆಜಿ, ಅಕ್ಕಿ ತೌಡು 2 ಕೆಜಿ, ರಾಗಿ 1 ಕೆಜಿ, ಸೋಯಾ ಹಿಂಡಿ ಒಂದೂವರೆ ಕೆಜಿ, ಒಣಗಿಸಿದ ರೇಷ್ಮೆ ಹುಳ (ಪ್ಯೂಪಾ) ಅರ್ಧ ಕೆಜಿ. ಇದಕ್ಕೆ 30 ಗ್ರಾಂ ಉಪ್ಪು, ಜೊತೆಗೆ ಕೋಳಿಗೆಂದೇ ಸಿಗುವ ವಿಟಮಿನ್-ಖನಿಜದ ಪುಡಿ, ಪೊಟ್ಟಣದ ಮೇಲೆ ಬರೆದಷ್ಟು. ಮೆಕ್ಕೆಜೋಳದಲ್ಲಿ ಪ್ರೋಟೀನ್ ಶೇ. 9, ತೌಡಿನಲ್ಲಿ ಶೇ. 12, ರಾಗಿಯಲ್ಲಿ ಶೇ. 7, ಸೋಯಾ ಹಿಂಡಿಯಲ್ಲಿ ಶೇ. 45, ಪ್ಯೂಪಾದಲ್ಲಿ ಶೇ. 50 ಅಂತ ಹಿಡಿದು ಕೂಡಿಸಿದರೆ ಒಟ್ಟು ಮೇವಿನಲ್ಲಿ ಹತ್ತಿರ ಹತ್ತಿರ ಶೇ. 17 ಬರುತ್ತದೆ. ಮೊಟ್ಟೆ ಇಡುವ ಕೋಳಿಗೆ ಶೇ. 16ರಿಂದ 18 ಇರಬೇಕು. ಕೂಡಿ ಹಾಕಿ ಸಾಕುವ ದೊಡ್ಡ ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಬೇಕು. ಹೊರಗೆ ಮೇಯುವ ನಾಟಿಗೆ ಮಳೆಗಾಲದಲ್ಲಿ ಅದರ ಅರ್ಧ ಸಾಕಾಗುತ್ತದೆ, ಬೇಸಿಗೆಯಲ್ಲಿ ಹುಳ-ಹುಪ್ಪಟೆ ಸಿಗುವುದಿಲ್ಲ, ಆಗ ಜಾಸ್ತಿ ಮಾಡುತ್ತೇನೆ.

ಹಿಂಡಿಯೊಂದನ್ನೇ ಹಾಕಿ ಪ್ರೋಟೀನ್ ಮುಗಿಸಬಹುದಲ್ಲ, ಪ್ಯೂಪಾ ಯಾಕೆ ಅಂತ ಕೇಳುವವರಿದ್ದಾರೆ. ಪ್ರೋಟೀನಿನ ಒಳಗೆ ಬೇರೆ ಬೇರೆ ಅಂಶಗಳಿವೆ. ಮೆಕ್ಕೆಜೋಳದಲ್ಲಿ ಲೈಸಿನ್ ಕಡಿಮೆ, ಅದನ್ನು ಸೋಯಾ ತುಂಬಿಕೊಡುತ್ತದೆ. ಸೋಯಾದಲ್ಲಿ ಮೆಥಿಯೋನಿನ್ ಕಡಿಮೆ, ಅದು ಮೀನು ಮತ್ತು ಹುಳಗಳಲ್ಲಿ ಚೆನ್ನಾಗಿದೆ. ಪುಕ್ಕ ಬೆಳೆಯುವುದಕ್ಕೂ ಅದೇ ಬೇಕು. ಕೋಳಿಗಳು ಒಂದರ ಪುಕ್ಕ ಇನ್ನೊಂದು ಕಿತ್ತು ತಿನ್ನಲು ಶುರು ಮಾಡಿದರೆ ಜಾಗ ಇಕ್ಕಟ್ಟಾಗಿದೆಯಾ ಅಂತ ನೋಡಿ, ಆಮೇಲೆ ಮೇವನ್ನೂ ನೋಡಿ.

ಪ್ಯೂಪಾ ನಮ್ಮೂರ ಸುತ್ತ ರೇಷ್ಮೆ ನೂಲು ತೆಗೆಯುವ ಫಿಲೇಚರ್‌ಗಳಲ್ಲಿ ಸಿಗುತ್ತದೆ. ನೂಲು ಬಿಚ್ಚಿದ ಮೇಲೆ ಉಳಿಯುವ ಹುಳ ಅದು. ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಹಾಗಾಗಿ ಬೇಗ ಕಮಟು ವಾಸನೆ ಬರುತ್ತದೆ. ತಂದ ದಿನವೇ ಬಿರುಬಿಸಿಲಿಗೆ ಹರಡಬೇಕು, ಗರಿಗರಿಯಾಗಿ ಒಣಗಿದ ಮೇಲೆ ಕುಟ್ಟಿ ಹಾಕಬೇಕು. ಅತಿಯಾದರೆ ಮೊಟ್ಟೆಗೂ ಆ ವಾಸನೆ ಹತ್ತುತ್ತದೆ, ಅದಕ್ಕೇ ಅರ್ಧ ಕೆಜಿಗೆ ನಿಲ್ಲಿಸಿದ್ದೇನೆ. ಕರಾವಳಿಯವರಿಗೆ ಮೀನಿನ ಪುಡಿ ಸುಲಭವಾಗಿ ಸಿಗುತ್ತದೆ. ಆದರೆ ಉಪ್ಪು ಹಾಕಿದ ಒಣಮೀನು ಬೇಡವೇ ಬೇಡ, ಉಪ್ಪು ಹೆಚ್ಚಾದರೆ ಕೋಳಿ ಸಾಯುತ್ತದೆ. ಸೋಯಾ ಕಾಳನ್ನೂ ಹಸಿಯಾಗಿ ಹಾಕಬೇಡಿ. ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಅದರಲ್ಲಿದೆ, ಹುರಿದರೆ ಅದು ಹೋಗುತ್ತದೆ.

ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲಾ ಅನ್ನುವ ಸಣ್ಣ ಗಿಡವನ್ನು ನಾನೂ ಬೆಳೆಸುತ್ತೇನೆ, ಕೋಳಿಗಳಿಗೆ ಅದೆಂದರೆ ಆಸೆ. ಆದರೆ ಅಜೋಲ್ಲಾದಿಂದಲೇ ಹಿಂಡಿಯ ಖರ್ಚು ಉಳಿಯುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಸಿ ಅಜೋಲ್ಲಾದಲ್ಲಿ ಶೇ. 90ಕ್ಕೂ ಮೇಲೆ ನೀರು. ಪ್ರೋಟೀನ್ ಶೇ. 20-25 ಅನ್ನುವುದು ಒಣಗಿದ ಮೇಲಿನ ಲೆಕ್ಕ. 100 ಗ್ರಾಂ ಹಸಿ ಅಜೋಲ್ಲಾ ತಿಂದ ಕೋಳಿಗೆ ಸಿಗುವುದು ಒಂದೂವರೆ ಗ್ರಾಂ ಪ್ರೋಟೀನ್ ಅಷ್ಟೇ. ಸೊಪ್ಪಿನ ಜಾಗದಲ್ಲಿ ಕೊಡಿ, ಹಿಂಡಿಯ ಜಾಗದಲ್ಲಿ ಬೇಡ.

ಇನ್ನು ಕ್ಯಾಲ್ಸಿಯಂ. ಇದನ್ನು ನಾನು ಮೇವಿಗೆ ಬೆರೆಸುವುದೇ ಇಲ್ಲ, ಬೇರೆ ಬೋಗುಣಿಯಲ್ಲಿ ಇಡುತ್ತೇನೆ. ನನ್ನ ಹಿತ್ತಲಲ್ಲಿ ಹೇಂಟೆ, ಹುಂಜ, ಬೆಳೆಯುವ ಮರಿ ಎಲ್ಲ ಒಟ್ಟಿಗೇ ಇರುತ್ತವೆ. ಮರಿಗಳಿಗೆ ಮೇವಿನಲ್ಲಿ ಶೇ. 1ರಷ್ಟು ಕ್ಯಾಲ್ಸಿಯಂ ಸಾಕು, ಮೊಟ್ಟೆ ಇಡುವ ಕೋಳಿಗೆ ಶೇ. 3.5ರಷ್ಟು ಬೇಕು. ಅಷ್ಟನ್ನು ಮರಿಗಳೂ ದಿನಾ ತಿಂದರೆ ಅವುಗಳ ಮೂತ್ರಪಿಂಡ ಕೆಡುತ್ತದೆ. ಬೇರೆ ಇಟ್ಟರೆ ಮೊಟ್ಟೆ ಇಡುವ ಹೇಂಟೆಗಳು ತಾವಾಗಿಯೇ ಬಂದು ಕುಕ್ಕುತ್ತವೆ, ಉಳಿದವು ಅಷ್ಟಾಗಿ ಮುಟ್ಟುವುದಿಲ್ಲ. ಮರಿಗಳಿಗೆ ಪ್ರೋಟೀನ್ ಮಾತ್ರ ಜಾಸ್ತಿ ಬೇಕು, ಶೇ. 20ರಷ್ಟು. ಚಿಕ್ಕ ಪಿಳ್ಳೆಗಳಿಗೆ ಅಂಗಡಿಯ ಸ್ಟಾರ್ಟರ್ ಮೇವನ್ನೇ ಬುಟ್ಟಿಯ ಕೆಳಗೆ ಬೇರೆಯಾಗಿ ಹಾಕುತ್ತೇನೆ.

ಬೋಗುಣಿಯಲ್ಲಿ ಇಡುವುದು ಕಪ್ಪೆಚಿಪ್ಪಿನ ಚೂರು, ಕೋಳಿ ಮೇವಿನ ಅಂಗಡಿಯಲ್ಲಿ ಶೆಲ್ ಗ್ರಿಟ್ ಅಂತ ಕೇಳಿದರೆ ಕೊಡುತ್ತಾರೆ. ಪುಡಿಗಿಂತ ಚೂರೇ ಒಳ್ಳೆಯದು. ಮೊಟ್ಟೆಗೆ ಚಿಪ್ಪು ಕಟ್ಟಲು 20 ಗಂಟೆ ಹತ್ತಿರ ಹಿಡಿಯುತ್ತದೆ, ಹೆಚ್ಚಿನ ಕೆಲಸ ನಡೆಯುವುದು ರಾತ್ರಿ, ಆ ಹೊತ್ತಿನಲ್ಲಿ ಕೋಳಿ ಏನೂ ತಿನ್ನುವುದಿಲ್ಲ. ಸಂಜೆ ತಿಂದ ದಪ್ಪ ಚೂರು ಕಂದನಕಾಯಿಯಲ್ಲಿ (ಕಾಳು ಅರೆಯುವ ಹೊಟ್ಟೆಯ ಭಾಗದಲ್ಲಿ) ನಿಂತು ರಾತ್ರಿಯೆಲ್ಲ ನಿಧಾನವಾಗಿ ಕರಗುತ್ತಾ ಇರುತ್ತದೆ. ಪುಡಿಯಾದರೆ ಬೇಗ ಸಾಗಿಹೋಗುತ್ತದೆ. ಅದಕ್ಕೇ ಗೂಡಿಗೆ ಸೇರುವ ಮುಂಚೆ ಬೋಗುಣಿ ತುಂಬಿದೆಯಾ ಅಂತ ತಪ್ಪದೆ ನೋಡುತ್ತೇನೆ. ಕ್ಯಾಲ್ಸಿಯಂ ಸಾಲದಿದ್ದರೆ ಕೋಳಿ ತನ್ನ ಮೂಳೆಯಿಂದ ತೆಗೆದು ಚಿಪ್ಪಿಗೆ ಹಾಕುತ್ತದೆ. ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಚಿಪ್ಪೇ ಇಲ್ಲದ ಮೆತ್ತನೆ ಮೊಟ್ಟೆ, ಕೊನೆಗೆ ಕಾಲಲ್ಲಿ ಬಲವೇ ಇರುವುದಿಲ್ಲ.

ಮನೆಯ ಮೊಟ್ಟೆ ಚಿಪ್ಪನ್ನೂ ಎಸೆಯಬೇಡಿ. ತೊಳೆದು, ಬಾಣಲೆಯಲ್ಲಿ ಬಿಸಿ ಮಾಡಿ, ಗುರುತು ಸಿಗದಷ್ಟು ಚೂರು ಮಾಡಿ ಹಾಕಿ. ಅರ್ಧ ಒಡೆದ ಚಿಪ್ಪು ಹಾಗೇ ಎಸೆದರೆ ಮೊಟ್ಟೆ ಕುಕ್ಕಿ ತಿನ್ನುವ ಚಟ ಹತ್ತಬಹುದು. ಎಲೆಅಡಿಕೆಗೆ ಹಾಕುವ ಸುಣ್ಣ ಬೇಡ, ಅದು ಸುಡುತ್ತದೆ. ಬಿಸಿಲು ಬೀಳದ ಗೂಡಲ್ಲೇ ಕೂಡಿಟ್ಟ ಕೋಳಿಗೆ ಎಷ್ಟು ಚಿಪ್ಪು ಕೊಟ್ಟರೂ ಪ್ರಯೋಜನ ಕಡಿಮೆ, ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು.

ಮಳೆಗಾಲದಲ್ಲಿ ನಾನು ಒಂದೇ ಸಲ ಜಾಸ್ತಿ ಕಲಸಿಡುವುದಿಲ್ಲ. ಕಡಲೆಕಾಯಿ ಹಿಂಡಿ, ಮೆಕ್ಕೆಜೋಳ ಎರಡಕ್ಕೂ ಬೂಸ್ಟು ಬೇಗ ಹಿಡಿಯುತ್ತದೆ, ಅದರಿಂದ ಬರುವ ಅಫ್ಲಾಟಾಕ್ಸಿನ್ ಕೋಳಿಯ ಲಿವರ್ ಹಾಳು ಮಾಡುತ್ತದೆ. ಬಿಸಿಲಿಗೆ ಹಾಕಿದರೂ, ತೊಳೆದರೂ ಆ ವಿಷ ಹೋಗುವುದಿಲ್ಲ. ಬೂಸ್ಟು ಕಂಡ ಚೀಲವನ್ನು ದುಡ್ಡು ಕೊಟ್ಟು ತಂದದ್ದಾದರೂ ಗುಂಡಿಗೆ ಹಾಕಿ ಮುಚ್ಚುತ್ತೇನೆ.

ಪುಕ್ಕ ಉದುರುವ ಕಾಲದಲ್ಲಿ ಮೊಟ್ಟೆ ನಿಲ್ಲುತ್ತದೆ. ಇಡದ ಕೋಳಿಗೆ ಯಾಕೆ ಅಂತ ಹೆಚ್ಚಿನವರು ಆಗಲೇ ಹಿಂಡಿ ನಿಲ್ಲಿಸುತ್ತಾರೆ. ನಾನು ಆಗ ಪ್ಯೂಪಾ ಸ್ವಲ್ಪ ಏರಿಸುತ್ತೇನೆ, ಪುಕ್ಕದ ಬಹುಪಾಲು ಪ್ರೋಟೀನೇ. ಮೊಟ್ಟೆ ಇಲ್ಲದ ದಿನಗಳಲ್ಲಿ ವಾಸನೆಯ ಚಿಂತೆಯೂ ಇರುವುದಿಲ್ಲ. ಹೊಸ ಪುಕ್ಕ ಪೂರ್ತಿ ಬಂದ ಮೇಲೆ ಮತ್ತೆ ಅರ್ಧ ಕೆಜಿಗೆ ಇಳಿಸುತ್ತೇನೆ.